ಏರಿಯ ಕೆಳಗೆ ಹಾಕಿದ ಪೀಠ

"ಗುರುಗಳೇ, ನ್ಯಾಯಾಧೀಶ ಆಜ್ಞೆ ಮಾಡಬಹುದು. ಅಧಿಕಾರಿ ಕೈಕಟ್ಟಿ ಕೂತುಬಿಟ್ಟರೆ ಅವನಿಂದ ಕೆಲಸ ಮಾಡಿಸಲು ಸಾಧ್ಯವೆ?"

ಕೇಳಿದವನು ಸಾಂಬಯ್ಯ. ಮಾರನೆಯ ದಿನ ಅವನು ದೂರದ ಊರೊಂದಕ್ಕೆ ನ್ಯಾಯಾಧೀಶನಾಗಿ ಹೋಗಬೇಕಿತ್ತು.

"ಪೀಠ ಏರುವ ಮೊದಲೇ ನಡುಕವೇನಯ್ಯ? ಒಳ್ಳೆಯದೇ ಆಯಿತು, ಕೇಳು" ಎಂದು ಗುರು ಕತೆ ಹೇಳತೊಡಗಿದರು.

ಒಂದು ಊರಿನ ಕೆರೆ ತುಂಬಿ ಕೋಡಿ ಮುಟ್ಟಿತ್ತು. ಏರಿಯ ಕೆಳಗೆ ಕುಂಬಾರಗೇರಿ. ಅಲ್ಲಿಯ ಮುದುಕಿಯೊಬ್ಬಳು ಬೆಳಿಗ್ಗೆ ಎದ್ದು ನೋಡುತ್ತಾಳೆ, ಏರಿಯ ಬುಡದಲ್ಲಿ ನೀರು ಒಸರುತ್ತಿದೆ! ಮನೆಯಲ್ಲಿ ಸೊಸೆ ಹೆತ್ತು ಮೂರು ದಿನ, ಸನ್ನಿ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ಅವಳನ್ನು ಹೊತ್ತು ಬೇರೆಡೆಗೆ ಸಾಗಿಸಿದರೆ ಜೀವ ಉಳಿಯದೆಂದು ಪಂಡಿತ ಹೇಳಿದ್ದ. ಮುದುಕಿ ಅಮಲ್ದಾರನ ಬಳಿಗೆ ಓಡಿ, ತೂಬು ಎತ್ತಿಸಿ ಎರಡು ಮೊಳ ನೀರು ಇಳಿಸಿಕೊಡಿ ಎಂದು ಕಾಲು ಹಿಡಿದಳು. ಆ ಸೀಮೆಯಲ್ಲಿ ಅಮಲ್ದಾರ ಹೇಳದೆ ಕೆರೆ ಕಾಯುವ ನೀರುಗಂಟಿ ತೂಬು ಮುಟ್ಟುವಂತಿರಲಿಲ್ಲ.

ಅಮಲ್ದಾರ ಕೆಟ್ಟವನಲ್ಲ, ಪುಕ್ಕಲ. ಎಂಟು ದಿನಕ್ಕೆ ದೊರೆ ತುಂಬಿದ ಕೆರೆಗೆ ಬಾಗಿನ ಕೊಡಲು ಬರುವವನಿದ್ದ. ಇಳಿದ ಕೆರೆ ತೋರಿಸಿದರೆ ತಲೆ ಉಳಿದೀತೆ? "ನೋಡೋಣಮ್ಮ" ಎಂದ. ಆ ಒಂದು ಮಾತಿಗೆ ಈ ಲೋಕದಲ್ಲಿ ಮದ್ದಿಲ್ಲ ಕಣಯ್ಯ.

ಮುದುಕಿ ನ್ಯಾಯಸ್ಥಾನಕ್ಕೆ ಹೋದಳು. "ಇಂದೇ ತೂಬು ಎತ್ತಿಸತಕ್ಕದ್ದು" ಎಂದು ನ್ಯಾಯಾಧೀಶ ಆಜ್ಞೆ ಬರೆದ. ಅಮಲ್ದಾರ ಅದನ್ನು ಕಣ್ಣಿಗೊತ್ತಿಕೊಂಡು, ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟ. ತೂಬು ಇದ್ದ ಹಾಗೇ ಇತ್ತು. ಎರಡನೆಯ ಆಜ್ಞೆ ಹೋಯಿತು. ಅದಕ್ಕೂ ಕುಂಕುಮ ಬಿತ್ತು.

ಮೂರನೆಯ ದಿನ ಮುದುಕಿ ಒಂದು ಮಡಕೆ ತಂದು ಪೀಠದ ಮುಂದಿಟ್ಟಳು. ಒಳಗಿನ ನೀರು ಕೆಂಪಗಿತ್ತು.

"ಏರಿಯ ಬುಡದ ಒಸರು ಮೊನ್ನೆ ತಿಳಿಯಾಗಿತ್ತು ಸ್ವಾಮಿ. ಹುಟ್ಟಿದಾಗಿನಿಂದ ಮಣ್ಣು ತುಳಿದವಳು ನಾನು. ಇದು ನೀರಲ್ಲ, ಏರಿಯೇ ಕರಗಿ ಬರುತ್ತಿದೆ."

ನ್ಯಾಯಾಧೀಶನ ಬಳಿ ದಂಡಿಲ್ಲ, ದಾಳಿಲ್ಲ. ಯಾರನ್ನಾದರೂ ಕರೆಸುವ ಹಕ್ಕಿತ್ತು. ಆಜ್ಞೆ ಮೀರಿದವನನ್ನು ನ್ಯಾಯಸ್ಥಾನ ಏಳುವವರೆಗೆ, ಅಂದರೆ ತಾನು ಪೀಠ ಬಿಟ್ಟೇಳುವವರೆಗೆ, ಕೂರಿಸುವ ಸಣ್ಣ ಶಿಕ್ಷೆಯಿತ್ತು, ಅಷ್ಟೆ. ಮೂರನೆಯ ಆಜ್ಞೆಯೂ ಗೂಡು ಸೇರಿದರೆ ನಾಳೆ ತನ್ನ ಮಾತನ್ನು ನಾಯಿಯೂ ಮೂಸಿ ನೋಡದು ಎಂಬ ಹೆದರಿಕೆ ಬೇರೆ. ಕಡೆಗೆ ಎದ್ದು, ಪೀಠವನ್ನು ಕುಂಬಾರಗೇರಿಗೆ ಹೊರಿಸಿದ. ಅಮಲ್ದಾರನಿಗೂ ಅಲ್ಲಿಗೇ ಬರಲು ಕರೆ ಹೋಯಿತು.

ಬಾಣಂತಿಯ ಬಾಗಿಲ ಮುಂದೆ ಪೀಠ ಹಾಕಿ ನ್ಯಾಯಾಧೀಶ ಕೂತ. ನೆತ್ತಿಯ ಮೇಲೆ ಏರಿ, ಬುಡದಲ್ಲಿ ಗುಳುಗುಳು ಸದ್ದು. ಅಮಲ್ದಾರ ಬಂದು ಕೈಮುಗಿದ.

"ಆಜ್ಞೆ ಮೀರಿದ್ದೀಯೆ. ನ್ಯಾಯಸ್ಥಾನ ಏಳುವವರೆಗೆ ಇಲ್ಲೇ ಕೂರುವುದು ನಿನಗೆ ಶಿಕ್ಷೆ."

"ಎಷ್ಟು ಹೊತ್ತಿಗೆ ಏಳುತ್ತೀರಿ ಸ್ವಾಮಿ?"

"ನೀರು ಇಳಿದ ಮೇಲೆ."

ಅಮಲ್ದಾರ ಕೂತ. ಏರಿಯಿಂದ ಒಂದು ಮಣ್ಣಿನ ಹೆಂಟೆ ಜಾರಿ ಅವನ ಕಾಲ ಬಳಿ ಬಿತ್ತು. ನ್ಯಾಯಾಧೀಶ ಪೀಠವನ್ನು ಬಿಗಿಯಾಗಿ ಹಿಡಿದುಕೊಂಡ, ಏಳಲಿಲ್ಲ. ಒಳಗೆ ಕೂಸು ಅತ್ತಿತು. ಎರಡನೆಯ ಹೆಂಟೆ ಬಿದ್ದದ್ದೇ ತಡ, ಅಮಲ್ದಾರ ದೊರೆಯನ್ನೂ ಮರೆತ, ಬಾಗಿನವನ್ನೂ ಮರೆತ. "ಅಯ್ಯಯ್ಯೋ, ತೂಬು ಎತ್ತೋ! ಎತ್ತೋ ಮಾರಾಯ!" ಎಂದು ಏರಿಯ ಮೇಲಿದ್ದ ನೀರುಗಂಟಿಗೆ ಕೂಗಿಕೊಂಡ. ಮಾರನೆಯ ಸಂಜೆಗೆ ಎರಡು ಮೊಳ ನೀರು ಇಳಿಯಿತು, ಒಸರು ನಿಂತಿತು. ನ್ಯಾಯಸ್ಥಾನ ಎದ್ದದ್ದು ಆಗಲೇ.

ಸಾಂಬಯ್ಯನಿಗೆ ಹೋದ ಜೀವ ಬಂದಂತಾಯಿತು. "ಹಾಗಾದರೆ ಮಾಡಿಸಬಹುದು ಗುರುಗಳೇ! ಅಧಿಕಾರಿಯನ್ನು ಹಿಡಿದು ತಂದು ಏರಿಯ ಕೆಳಗೆ ಕೂರಿಸಿದರಾಯಿತು."

"ಕೂರಿಸಬಹುದಪ್ಪ. ಅವನಿಗಿಂತ ಮೊದಲು ಅಲ್ಲಿ ಹೋಗಿ ಕೂತವನು ಯಾರು?" ಎಂದರು ಗುರು.