ಡೊಳ್ಳಯ್ಯ ಬಿಲ ಬಿಟ್ಟ ಕತೆ

ಊರಾಚೆ ಒಂದು ಕಟ್ಟೆ ಇತ್ತು ಮಕ್ಕಳೇ. ದೊಡ್ಡ ಕೆರೆಯೇನಲ್ಲ, ಎಮ್ಮೆ ಮಲಗಿದರೆ ಕೊಂಬು ಕಾಣುವಷ್ಟು ನೀರು. ಅದರ ದಂಡೆಯಲ್ಲಿ, ಲಕ್ಕಿಗಿಡದ ಬುಡದಲ್ಲಿ, ಕೊಂಡವ್ವ ಅನ್ನೋ ಏಡಿಯ ಬಿಲ. ಬಾಗಿಲು ಕಿರಿದು, ಒಳಗೆ ಒಂದು ತಿರುವು, ತಿರುವಿನ ಆಚೆ ತಣ್ಣನೆಯ ಜೇಡಿಮಣ್ಣಿನ ಕೋಣೆ. ಎಂಟು ಕಾಲು, ಎರಡು ಕೊಂಡಿ ಸವೆಸಿ, ಉಂಡೆ ಉಂಡೆ ಮಣ್ಣು ಹೊತ್ತು ಹಾಕಿ ಮಾಡಿದ ಮನೆ ಅದು.

ಬೇಸಿಗೆ ಬಂತು. ಕಟ್ಟೆಯ ನೀರು ಹಿಂದೆ ಸರಿದು ನಡುವೆ ಒಂದು ಮಡು ಮಾತ್ರ ಉಳಿಯಿತು. ಕೊಂಡವ್ವ ನೀರಿನ ಬೆನ್ನು ಹಿಡಿದು ಮಡುವಿನ ಕಡೆ ಹೊರಟಳು. ಆಗ ಕುಪ್ಪಳಿಸಿಕೊಂಡು ಬಂದ ನೋಡಿ, ಡೊಳ್ಳಯ್ಯ!

ಡೊಳ್ಳಯ್ಯ ಒಂದು ದಪ್ಪ ಕಪ್ಪೆ. ಹೊಟ್ಟೆಯೂ ಡೊಳ್ಳು, ದನಿಯೂ ಡೊಳ್ಳು. ಕಟ್ಟೆಯಲ್ಲಿ ತನ್ನಂಥ ಹಾಡುಗಾರ ಇನ್ನೊಬ್ಬನಿಲ್ಲ ಅನ್ನೋ ಬಿಂಕ. ಬೇರೆ ಯಾರು ಕೂಗಿದರೂ ತಪ್ಪು ಹಿಡಿಯದೆ ಬಿಡುತ್ತಿರಲಿಲ್ಲ.

"ಅಕ್ಕಾ, ಬಿಸಿಲಿಗೆ ನನ್ನ ಬೆನ್ನು ಹಪ್ಪಳ ಆಗ್ತಿದೆ. ಹೇಗೂ ನೀನು ಮಡುವಿಗೆ ಹೋಗ್ತೀಯ. ಬೇಸಿಗೆ ಮಟ್ಟಿಗೆ ನಿನ್ನ ಬಿಲ ನನಗೆ ಬಾಡಿಗೆಗೆ ಕೊಡು."

"ಬಾಡಿಗೆ ಏನು ಕೊಡ್ತೀಯಪ್ಪ?"

"ಬಾಗಿಲ ಮುಂದೆ ಸುಳಿಯೋ ಸೊಳ್ಳೆ, ಇರುವೆ ಎಲ್ಲಾ ತಿಂದು ಚೊಕ್ಕಟವಾಗಿ ಇಡ್ತೀನಿ."

ಅದು ಬಾಡಿಗೆಯೋ, ಅವನ ಊಟವೋ ಅಂತ ಕೊಂಡವ್ವ ಕೇಳಲಿಲ್ಲ. ಬೆನ್ನು ಗಟ್ಟಿಯಾದರೂ ಮನಸ್ಸು ಮೆತ್ತಗೆ. "ಆಗಲಿ. ಮಳೆಗಾಲಕ್ಕೆ ಬಿಟ್ಟುಕೊಡಬೇಕು," ಅಂದಳು.

ಸಾಕ್ಷಿಗೆ ಆಮೆಯಜ್ಜ ಬಂದ. "ಮಳೆಗಾಲ ಬಂತು ಅಂತ ಹೇಳೋರು ಯಾರು? ಅದನ್ನ ಮೊದಲೇ ಮಾತಾಡಿಕೊಳ್ಳಿ," ಅಂದ.

ಡೊಳ್ಳಯ್ಯ ಎದೆ ಉಬ್ಬಿಸಿದ. "ನಾನೇ ಹೇಳ್ತೀನಿ ಅಜ್ಜಾ! ಮಳೆ ಬಿದ್ದ ಮೇಲೂ ಕೂಗದೆ ಇರೋ ಕಪ್ಪೆ ಎಲ್ಲಾದರೂ ಹುಟ್ಟಿದೆಯಾ? ನಾನು ವಟರ್ ಅಂದ ದಿನವೇ ಮಳೆಗಾಲ. ಅವತ್ತೇ ಮನೆ ಖಾಲಿ."

ಆ ಕಟ್ಟೆಯಲ್ಲಿ ಮಾತು ಕೊಡುವುದಕ್ಕೆ ಒಂದು ಪದ್ಧತಿ ಇತ್ತು. ಇಬ್ಬರೂ ಒಂದೇ ಕಡೆ ಬಗ್ಗಿ ಒಂದೊಂದು ಗುಟುಕು ನೀರು ಕುಡಿಯಬೇಕು. ಕುಡಿದ ಮೇಲೆ ಆ ಮಾತನ್ನು ಯಾರೂ ಮೀರುವಂತಿಲ್ಲ. ಡೊಳ್ಳಯ್ಯನೂ ಕುಡಿದ, ಕೊಂಡವ್ವನೂ ಕುಡಿದಳು.

ಭರಣಿ ಮಳೆ ಬಂತು. ಮಣ್ಣು ಘಮ್ಮೆಂದಿತು. ಕೊಂಡವ್ವ ಅಡ್ಡಡ್ಡ ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಡೊಳ್ಳಯ್ಯಾ, ಮಳೆ ಬಂತಪ್ಪ."

"ಎಲ್ಲಿ ಬಂತಕ್ಕಾ?"

"ನಿನ್ನ ಮೂಗಿನ ಮೇಲೇ ತೊಟ್ಟಿಕ್ಕುತ್ತಿದೆಯಲ್ಲೋ!"

"ಇದಾ? ಇದು ಇಬ್ಬನಿ. ಮಳೆ ಬಂದಿದ್ದರೆ ನಾನು ಕೂಗ್ತಿರಲಿಲ್ವಾ? ಕೂಗಿದೆನಾ? ಇಲ್ಲ. ನೀರು ಕುಡಿದು ಆಡಿದ ಮಾತು, ನೆನಪಿದೆಯಲ್ಲ?" ಅಂದು ಕಣ್ಣು ಮಿಟುಕಿಸಿದ.

ಕೃತ್ತಿಕೆ ಮಳೆ ಬಂತು. ಕಟ್ಟೆಯ ಕಪ್ಪೆಗಳೆಲ್ಲ ಗಂಟಲು ಹರಿಯುವ ಹಾಗೆ ಹಾಡಿದವು. ಡೊಳ್ಳಯ್ಯ ಮಾತ್ರ ಬಾಯಿಗೆ ಜೇಡಿಮಣ್ಣು ಮೆತ್ತಿಕೊಂಡು ಕೂತ. ತಣ್ಣನೆ ಕೋಣೆ, ಬಾಗಿಲಿಗೇ ಬರುವ ಸೊಳ್ಳೆ. ಅಂಥ ಸುಖ ಯಾರು ಬಿಡುತ್ತಾರೆ ಹೇಳಿ?

ನೆರೆಹೊರೆಯವರೆಲ್ಲ ಸೇರಿ ಅವನ ಕಾಲು ಹಿಡಿದು ಎಳೆದು ನೋಡಿದರು. ಅವನು ಗಾಳಿ ತುಂಬಿಕೊಂಡು ಉಬ್ಬಿ, ಸೀಸೆ ಬಾಯಿಗೆ ಬಿರಡೆ ಜಡಿದ ಹಾಗೆ ಬಿಲಕ್ಕೆ ಜಡಿದುಕೊಂಡ. ಎಳೆದವರು ಮಗುಚಿ ಬಿದ್ದರು. ಅವನು ಅಲ್ಲಾಡಲಿಲ್ಲ.

"ನಾನೇ ಸಾಕ್ಷಿ, ನನ್ನ ಬಾಯಿ ಕಟ್ಟಿದೆಯಲ್ಲ ತಾಯಿ," ಅಂತ ಆಮೆಯಜ್ಜ ಪೇಚಾಡಿದ. "ಅವನು ಕೂಗಿದ ಹೊರತು ಏನೂ ಮಾಡುವಂತಿಲ್ಲ."

ಕೊಂಡವ್ವನಿಗೆ ಯಾಕಿಷ್ಟು ಅವಸರ ಅಂತೀರಾ? ಏಡಿಗಳಿಗೆ ಒಂದು ಕಷ್ಟ ಇದೆ ಮಕ್ಕಳೇ. ನಿಮಗೆ ಅಂಗಿ ಬಿಗಿಯಾದ ಹಾಗೆ ಅವಕ್ಕೆ ಚಿಪ್ಪು ಬಿಗಿಯಾಗುತ್ತದೆ. ಆಗ ಹಳೆಯದನ್ನು ಕಳಚಿ ಹಾಕಬೇಕು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಮೈ ಬೆಣ್ಣೆಯಷ್ಟು ಮೆತ್ತಗೆ, ಕೊಂಡಿಯಲ್ಲಿ ಕಸುವಿಲ್ಲ. ಅಷ್ಟು ದಿನವೂ ಬಿಲದೊಳಗೆ ಅಡಗಿದ್ದರೆ ಜೀವ ಉಳಿಯಿತು. ಇಲ್ಲದಿದ್ದರೆ?

ಇಲ್ಲದಿದ್ದರೆ ಕೊಕ್ಕರೆ ಇದ್ದಾನಲ್ಲ! ದಂಡೆಯ ಮೇಲೆ ಒಂಟಿಕಾಲಲ್ಲಿ ನಿಂತು ದಿನಾ ಕೇಳುತ್ತಿದ್ದ: "ಕೊಂಡವ್ವಾ, ಹೊಸ ಅಂಗಿ ಯಾವತ್ತು ತೊಡ್ತೀಯಮ್ಮಾ?"

ಎಷ್ಟು ಅಕ್ಕರೆಯಿಂದ ಕೇಳುತ್ತಿದ್ದನೆಂದರೆ, ಕೊಂಡವ್ವ ಅಡ್ಡಡ್ಡ ಓಡಿ ಹುಲ್ಲಿನಲ್ಲಿ ಅಡಗುತ್ತಿದ್ದಳು. ಅವಳ ಬೆನ್ನ ಮೇಲಿನ ಚಿಪ್ಪು ಆಗಲೇ ಚಿಟಿಚಿಟಿ ಅನ್ನತೊಡಗಿತ್ತು. ಇನ್ನು ಒಂದೋ ಎರಡೋ ದಿನ ಅಷ್ಟೇ, ಹೊಸ ಬಿಲ ತೋಡುವಷ್ಟು ಹೊತ್ತಿಲ್ಲ.

ಕೂತು ಯೋಚಿಸಿದಳು. 'ಒಳ್ಳೆ ಹಾಡು ಕೇಳಿದರೆ ಇವನು ತಡೆದುಕೊಳ್ಳುತ್ತಾನೆ. ಕೆಟ್ಟ ಹಾಡು ಕೇಳಿದರೆ?'

ಯೋಚನೆ ಬಂದದ್ದೇ ತಡ, ಸಣ್ಣೀರನ ಮನೆಗೆ ಹೋದಳು. ಸಣ್ಣೀರ ಅನ್ನೋನು ಕಡ್ಡಿಯಂಥ ಕಪ್ಪೆ. ಅವನ ದನಿಯೋ, ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟು.

"ಸಣ್ಣೀರಣ್ಣಾ, ನಾಳೆ ನೀನು ಡೊಳ್ಳಯ್ಯನ ಬಾಗಿಲ ಮುಂದೆ ಹಾಡಬೇಕು."

"ನಾನಾ? ನಾನು ಬಾಯಿ ತೆಗೆದರೆ ನನ್ನ ಹೆಂಡತಿಯೇ ನೀರಲ್ಲಿ ಮುಳುಗ್ತಾಳೆ ಕಣವ್ವಾ!"

"ಅದೇ ಹಾಡು ಬೇಕಾಗಿರೋದು. ಒಂಚೂರೂ ತಿದ್ದಬೇಡ."

ಮಾರನೆಯ ದಿನ ಮಧ್ಯಾಹ್ನ ರೋಹಿಣಿ ಮಳೆ ಧೋ ಅಂತ ಸುರಿಯಿತು. ಬಿಲದ ಎದುರಿಗೇ ಒಂದು ಚಪ್ಪಟೆ ಕಲ್ಲು. ವರ್ಷಾವರ್ಷ ಡೊಳ್ಳಯ್ಯ ಕೂತು ಹಾಡುತ್ತಿದ್ದ ಕಲ್ಲು ಅದು. ಸಣ್ಣೀರ ಅದರ ಮೇಲೇ ಹತ್ತಿ ಕೂತ. ಕಟ್ಟೆಗೆ ಕಟ್ಟೆಯೇ ಸುತ್ತ ನೆರೆಯಿತು. ಕೊಂಡವ್ವ ಬಾಗಿಲ ಪಕ್ಕದ ಹುಲ್ಲಿನಲ್ಲಿ ಉಸಿರು ಹಿಡಿದು ಕೂತಳು.

"ಗುಟೂಂಯ್... ಕಿರ್‌ರ್... ವಟ್, ವಟ್... ಕಿರ್‌ರ್!" ಅಂದ ಸಣ್ಣೀರ.

ವಟರ್ ಮೊದಲು, ಗುಟರ್ ಆಮೇಲೆ. ನಿನ್ನೆ ಮೊನ್ನೆ ಬಾಲ ಉದುರಿದ ಮರಿಗೂ ಅದು ಗೊತ್ತು. ಇವನು ಹಿಂದುಮುಂದು ಮಾಡಿ, ನಡುವೆ ಬಾಗಿಲು ಬೇರೆ ಕಿರುಗುಟ್ಟಿಸಿದ!

"ಆಹಾಹಾ!" ಅಂದ ಆಮೆಯಜ್ಜ. "ಏನು ಗಂಟಲು! ಇನ್ನೊಂದು ಸಲ ಆಗಲಿ."

ಬಿಲದೊಳಗೆ ಏನೋ ಮಿಸುಕಿತು.

"ಡೊಳ್ಳಯ್ಯನ ಹಾಡು ಇದರ ಮುಂದೆ ಏನೂ ಅಲ್ಲ ಬಿಡಿ," ಅಂದಳು ಒಬ್ಬ ಮುದಿ ಕಪ್ಪೆ.

ಬಿಲದೊಳಗಿಂದ ಕುದಿಯುವ ಗಡಿಗೆಯ ಸದ್ದು ಬಂತು. ಬುಳಬುಳಬುಳ.

"ಗುಟೂಂಯ್... ಕಿರ್‌ರ್..."

"ಇನ್ನು ಈ ಕಲ್ಲು ಸಣ್ಣೀರನಿಗೇ," ಅಂತ ಆಮೆಯಜ್ಜ ಸಾರಿದ.

ಬಾಯಿಯ ಮಣ್ಣು ಉಗಿದ ಸದ್ದಾಯಿತು. "ನಿಲ್ಲಿಸೋ!" ಬಿಲ ಗುಡುಗಿತು. ಬಾಗಿಲಲ್ಲಿ ಎರಡು ಕಣ್ಣು ಕಾಣಿಸಿತು. "ಅದು ಹಾಗಲ್ಲವೋ ಮಂಕೇ! ಹಾಡಿನ ಮಾನ ಕಳೀತಿದ್ದೀಯಲ್ಲೋ!"

ಸಣ್ಣೀರ ಪಾಪದ ಮುಖ ಮಾಡಿ ಕೇಳಿದ: "ಹಾಗಾದರೆ ಹೇಗಣ್ಣಾ?"

ಇನ್ನು ತಡೆದಾನೇ ಡೊಳ್ಳಯ್ಯ? ಒಂದೇ ನೆಗೆತಕ್ಕೆ ಬಿಲದಿಂದ ಹಾರಿ ಕಲ್ಲಿನ ಮೇಲೆ ಬಂದ. ಸಣ್ಣೀರನನ್ನು ಅತ್ತ ನೂಕಿ, ಗಂಟಲು ಉಬ್ಬಿಸಿ, ಕಣ್ಣು ಮುಚ್ಚಿ ಹಾಡಿದ:

"ವಟರ್‌ರ್‌ರ್... ಗುಟರ್‌ರ್‌ರ್!"

ಕಟ್ಟೆಯ ನೀರು ನಡುಗಿತು. ಹಾಡು ಏನೋ ಸೊಗಸಾಗಿಯೇ ಇತ್ತು ಮಕ್ಕಳೇ, ಸುಳ್ಳು ಯಾಕೆ ಹೇಳಲಿ. ಅದು ಮುಗಿಯುವುದೇ ತಡ, "ಮಳೆಗಾಲ ಬಂತೂ!" ಅಂತ ಎಲ್ಲರೂ ಕೇಕೆ ಹಾಕಿದರು.

ಡೊಳ್ಳಯ್ಯ ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಕೊಂಡವ್ವ ಅಡ್ಡಡ್ಡ ಓಡಿ ಬಿಲ ಹೊಕ್ಕಿದ್ದಳು. ಅವಳ ಹಿಂದೆಯೇ ರೊಯ್ಯನೆ ಎರಗಿದ ಕೊಕ್ಕರೆ. ಅವಳಾಗಲೇ ತಿರುವು ದಾಟಿದ್ದಳು. ಕೊಕ್ಕರೆಗೆ ಸಿಕ್ಕಿದ್ದು ಒಂದು ಕೊಕ್ಕು ಕೆಸರು. ಕೊಂಡವ್ವ ಒಳಗಿನಿಂದ ಮಣ್ಣುಂಡೆ ಒತ್ತಿ ಬಾಗಿಲು ಮುಚ್ಚಿದಳು. ತಣ್ಣನೆ ಕೋಣೆಯ ನಡುವೆ ಕೂತು, ಬಿಗಿಹಿಡಿದಿದ್ದ ಬೆನ್ನು ಸಡಿಲ ಬಿಟ್ಟಳು. ಚಟ್! ಹಳೆ ಚಿಪ್ಪು ಬಿರಿಯಿತು.

ಹೊರಗೆ ಡೊಳ್ಳಯ್ಯನ ಮುಖ ನೋಡಬೇಕಿತ್ತು!

"ಮೋಸ! ನಾನು ಹಾಡು ಹೇಳಿಕೊಟ್ಟದ್ದು! ಮಳೆ ಬಂತು ಅಂದಿದ್ದಲ್ಲ!"

"ಹೌದೇನಪ್ಪಾ?" ಅಂದ ಆಮೆಯಜ್ಜ. "ಹಾಗಾದರೆ ನಿನ್ನ ಬೆನ್ನ ಮೇಲೆ ಹರೀತಿರೋದು ಏನು? ಇಬ್ಬನಿಯಾ?"

ಡೊಳ್ಳಯ್ಯ ಬೆನ್ನು ಮುಟ್ಟಿ ನೋಡಿಕೊಂಡ. ಮೂರು ತಿಂಗಳಿಂದ ಒಣಗಿದ ಬೆನ್ನು. ಅದರ ಮೇಲೆ ಮಳೆ ತಟಪಟ ಕುಣಿಯುತ್ತಿತ್ತು. ಕೋಪದಿಂದ ತೆರೆದ ಬಾಯಿ ಹಾಗೇ ಉಳಿಯಿತು. ಅದರೊಳಕ್ಕೂ ನಾಲ್ಕು ಹನಿ ಬಿತ್ತು.

"ಅಯ್ಯೋ," ಅಂದ ಮೆಲ್ಲಗೆ. "ಎಷ್ಟು ಚೆನ್ನಾಗಿದೆ! ಇಷ್ಟು ದಿನ ಇದನ್ನ ಬಿಟ್ಟು ಆ ಕತ್ತಲಲ್ಲಿ ಕೂತಿದ್ದೆನಲ್ಲ! ಎರಡು ಮಳೆ ಹಾಳು ಮಾಡಿಕೊಂಡೆ."

ಆಮೇಲೆ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಸಂಜೆಯ ತನಕ ಹಾಡಿದ. ಸಣ್ಣೀರನನ್ನೂ ಪಕ್ಕದಲ್ಲಿ ಕೂರಿಸಿಕೊಂಡ, "ಕಿರ್‌ರ್ ಅನ್ನೋದು ಮಾತ್ರ ಮೆತ್ತಗೆ," ಅನ್ನೋ ಕರಾರಿನ ಮೇಲೆ.

ಎಂಟು ದಿನ ಕಳೆದು ಕೊಂಡವ್ವ ಹೊರಗೆ ಬಂದಳು. ಹೊಸ ಚಿಪ್ಪು ತೊಳೆದಿಟ್ಟ ತಾಮ್ರದ ತಂಬಿಗೆಯ ಹಾಗೆ ಫಳಫಳ. ಕೊಂಡಿ ಎತ್ತಿ ಒಮ್ಮೆ ಕಟಕ್ ಅನ್ನಿಸಿದಳು. ಕೊಕ್ಕರೆ ಬೇರೆ ಕಟ್ಟೆ ಹುಡುಕಿಕೊಂಡು ಹೋದ. ಡೊಳ್ಳಯ್ಯ ತಲೆ ತಗ್ಗಿಸಿಕೊಂಡು ಬಂದು ನಿಂತ.

"ತಪ್ಪಾಯ್ತಕ್ಕಾ. ಬರೋ ಬೇಸಿಗೆಗೆ... ಮತ್ತೆ ಬಿಲ ಕೊಡ್ತೀಯಾ?"

ಕೊಂಡವ್ವ ನಕ್ಕಳು. "ಕೊಡ್ತೀನಿ, ಬಾ. ಆದರೆ ಮಳೆಗಾಲ ಬಂತು ಅಂತ ಮುಂದಿನ ಸಲ ಕೂಗೋನು ಸಣ್ಣೀರ."

ನೀತಿ: ಆಡಿದ ಮಾತಿನಲ್ಲಿ ಸಂದು ಹುಡುಕಿ ಪರರ ಮನೆ ಹಿಡಿದು ಕೂತವನಿಗೆ ತನ್ನ ಪಾಲಿನ ಮಳೆಯೂ ತಪ್ಪುತ್ತದೆ, ತಪ್ಪು ಒಪ್ಪಿಕೊಂಡವನಿಗೆ ಅದೇ ಬಾಗಿಲು ಮತ್ತೆ ತೆರೆಯುತ್ತದೆ.