ಫ್ರೇಯಾ ಕಾದದ್ದು

"ಗುರುಗಳೇ, ಪ್ರೀತಿಸಿದವರನ್ನು ಸಾವಿನಿಂದ ಕಾಯುವ ದೇವರು ಯಾವುದು? ಯಾರಿಗೆ ಹರಕೆ ಹೊರಲಿ?" ಎಂದು ಶಿಷ್ಯೆ ಕೇಳಿದಳು. ಅವಳ ಗಂಡ ಮಾರನೆಯ ದಿನ ರಾಜನ ದಂಡಿನೊಂದಿಗೆ ಹೊರಡುವವನಿದ್ದ.

ಗುರುಗಳು ಒಂದು ಕತೆ ಹೇಳಿದರು.

ಬಡಗಣ ದಿಕ್ಕಿನ ಹಿಮದ ನಾಡಿನಲ್ಲಿ ಫ್ರೇಯಾ ಎಂಬ ದೇವತೆ. ಪ್ರೀತಿಗೆ ಅವಳೇ ಒಡತಿ. ಬೆಕ್ಕುಗಳನ್ನು ಕಟ್ಟಿದ ಗಾಡಿಯಲ್ಲಿ ಅವಳ ಓಡಾಟ. ಗಂಡಹೆಂಡಿರ ನಡುವೆ ಏನೇ ಬಂದರೂ ಜನ ಅವಳ ಗುಡಿಗೆ ಓಡುತ್ತಿದ್ದರು. ದೇವರ ಪಾಡೇ ಅಷ್ಟು, ಮನೆಯಲ್ಲಿ ಆಡಲಾರದ ಮಾತನ್ನೆಲ್ಲ ನಾವು ಅವರ ಕಿವಿಗೆ ಸುರಿಯುತ್ತೇವೆ.

ಆ ನಾಡಿನಲ್ಲಿ ಬಟ್ಟೆ ನೇಯುವ ಒಬ್ಬ ಹೆಂಗಸಿದ್ದಳು. ಅವಳ ಗಂಡ ಯುದ್ಧಕ್ಕೆ ಹೊರಟ. ಅವಳಿಗೆ ಜೀವ ಬಾಯಿಗೆ ಬಂದಿತ್ತು. ಆದರೆ ತಡೆದರೆ ಹೇಡಿಯ ಹೆಂಡತಿ ಎಂದು ಊರು ಆಡಿಕೊಳ್ಳುತ್ತದೆ. ತುಟಿಪಿಟಕ್ಕೆನ್ನದೆ ಬುತ್ತಿ ಕಟ್ಟಿಕೊಟ್ಟಳು. ಅವನು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಅವಳು ಮುಖ ತಿರುಗಿಸಿದಳು. ಅವನು ಹೋದ ಮೇಲೆ ಗುಡಿಗೆ ಓಡಿದಳು.

"ತಾಯೀ, ನನ್ನ ಗಂಡನನ್ನು ಕಾಯಮ್ಮ."

"ಕಾಯುತ್ತೇನೆ" ಎಂದಳು ಫ್ರೇಯಾ.

ದೇವತೆಯೇ ಮಾತು ಕೊಟ್ಟ ಮೇಲೆ ಇನ್ನೇನು ಬೇಕು? ಹೆಂಗಸು ನೆಮ್ಮದಿಯಾಗಿ ಮಗ್ಗಕ್ಕೆ ಕೂತಳು. ಗಂಡ ಬಂದರೆ ತೊಡಲೆಂದು ಹೊಸ ಅಂಗಿಗೆ ಬಟ್ಟೆ ನೇಯ್ದಳು. ಸುಗ್ಗಿಯ ಹೊತ್ತಿಗೆ ಯುದ್ಧಕ್ಕೆ ಹೋದವರ ಹಡಗು ಬಂತು. ಅವನ ಗುರಾಣಿ ಇಳಿಯಿತು, ಅವನು ಇಳಿಯಲಿಲ್ಲ.

ಹೆಂಗಸು ಅಳುವುದನ್ನೂ ಮರೆತು ಗುಡಿಗೆ ನುಗ್ಗಿದಳು.

"ಕಾಯುತ್ತೇನೆ ಅಂದೆಯಲ್ಲ!"

"ಕಾದೆನಲ್ಲಮ್ಮ! ರಣದ ಅಂಚಿನಲ್ಲೇ ನಿಂತು ಕಾದೆ. ಸತ್ತ ವೀರರಲ್ಲಿ ಅರ್ಧ ಜನ ನನ್ನ ಪಾಲು. ಅವನು ಬಿದ್ದೊಡನೆ, ಬೇರೆ ದೇವರ ಕೈ ಮುಟ್ಟುವ ಮೊದಲು, ಎತ್ತಿಕೊಂಡು ನನ್ನ ಮನೆಗೆ ಒಯ್ದೆ."

ಕಾಪಾಡು ಎಂದು ಹೆಂಗಸು ಬೇಡಿದ್ದಳು. ದೇವತೆ ಅವನ ದಾರಿ ನೋಡುತ್ತ ನಿಂತಿದ್ದಳು. ಇದಕ್ಕೆ ಯಾರನ್ನು ಬೈಯುವುದು? ತಲೆಯೆತ್ತಿದರೆ ಫ್ರೇಯಾಳ ಕಣ್ಣಿಂದ ಚಿನ್ನದ ಹನಿಗಳು ಉದುರುತ್ತಿದ್ದವು.

"ನನ್ನ ಗಂಡನೂ ದೇಶಾಂತರ ಹೋದವನು" ಎಂದಳು ದೇವತೆ. "ಹೊರಟವರನ್ನು ತಡೆಯಲು ನನಗೆ ಬಂದಿದ್ದರೆ ಇವು ಯಾಕೆ ಉದುರುತ್ತಿದ್ದವು? ನನಗೆ ಬರುವುದು ಕಾಯುವುದೊಂದೇ."

ಗುರುಗಳು ಕತೆ ನಿಲ್ಲಿಸಿದರು.

"ಪ್ರೀತಿಯ ದೇವತೆಯ ಕೈಲೇ ಆಗದಿದ್ದರೆ, ನಾನು ಇನ್ಯಾರಿಗೆ ಹರಕೆ ಹೊರಲಿ ಗುರುಗಳೇ?"

"ಹರಕೆ ಇರಲಿ, 'ಹೋಗಬೇಡ' ಎಂದು ನಿನ್ನ ಗಂಡನಿಗೆ ಹೇಳಿದೆಯೇನಮ್ಮ?"