ಅಂಟುಹಾಳೆ, ಸೋಪುನೀರು ಮತ್ತು ಕೆಂಚನ ಗೋಣಿತಾಟು

ಮೈತುಂಬ ಚಿಗಟ ಹತ್ತಿಸಿಕೊಂಡಿದ್ದ ಕೆಂಚನೆಂಬ ನಾಯಿಗೆ, ತುರಿಕೆ ನಿಲ್ಲದಿದ್ದರೆ ಇನ್ನು ಮನೆಯೊಳಗೆ ಜಾಗವಿಲ್ಲವೆಂದು ಯಜಮಾನಿ ಹೇಳಿಬಿಟ್ಟಳು. ಅವನು ಮಲಗುವ ಗೋಣಿತಾಟಿನ ಒಂದು ಬದಿಗೆ ಅಂಟುಹಾಳೆಯನ್ನೂ ಇನ್ನೊಂದು ಬದಿಗೆ, ಬೆಳಕಿಗೆ ಹಾರಿದ ಚಿಗಟ ಬೀಳಲೆಂದು ದೀಪದ ಕೆಳಗೆ, ಸೋಪುನೀರಿನ ತಟ್ಟೆಯನ್ನೂ ಇಟ್ಟು, ಯಾವುದು ಹೆಚ್ಚು ಚಿಗಟ ಹಿಡಿಯುತ್ತದೋ ನೋಡೋಣ ಎಂದಳು.

ದಿನ ಬೆಳಗಾದರೆ ಜಗಳ. “ನೋಡಯ್ಯಾ ಕೆಂಚ, ನನ್ನ ಮೈಮೇಲೆ ಕಾಲಿಡಲು ಜಾಗವಿಲ್ಲ,” ಎನ್ನುತ್ತಿತ್ತು ಹಾಳೆ. “ಮೊದಲು ನನ್ನ ತಳದಲ್ಲಿ ಮುಳುಗಿದ ರಾಶಿ ನೋಡು, ಆಮೇಲೆ ಜಂಬ ಕೊಚ್ಚು,” ಎನ್ನುತ್ತಿತ್ತು ತಟ್ಟೆ.

“ಇಬ್ಬರೂ ಗೆದ್ದಿರಿ. ಆದರೆ ಚಿಗಟ ಹುಟ್ಟುವುದು ಈ ಗೋಣಿತಾಟಿನಲ್ಲಲ್ಲವೇ?” ಎಂದ ಕೆಂಚ, ತುರಿಸಿಕೊಳ್ಳುತ್ತಲೇ ಅದನ್ನು ಬಾಯಲ್ಲಿ ಕಚ್ಚಿ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಎಳೆದ.

ಆಗ ಮೊದಲ ಸಲ ಹಾಳೆಯದೂ ತಟ್ಟೆಯದೂ ಒಂದೇ ಮಾತಾಯಿತು: “ಅಯ್ಯೋ, ಅದನ್ನು ಒಗೆಸಬೇಡವೋ! ನಾಳೆ ನಾವು ಹಿಡಿಯುವುದೇನನ್ನು?”